ಮಗಳ ಕಾಲೇಜನ್ನು ಎರಡನೇ ಸಲ ನೋಡಲು ಹೋದದ್ದು

ನಮ್ಮ ಟೇಕಲ್ ಕಡೆ ಹಸು ಕೊಳ್ಳುವವರು ಒಂದು ಹೊತ್ತಿನ ಹಾಲು ನೋಡಿ ಮಾತು ಮುಗಿಸುವುದಿಲ್ಲ. ಮಾರುವವನು ಹಿಂದಿನ ಹೊತ್ತು ಕರೆಯದೆ ಬಿಟ್ಟಿದ್ದರೆ ಬಕೆಟ್ಟು ತುಂಬಿಯೇ ತುಂಬುತ್ತದೆ. ಅದಕ್ಕೇ ಸಂಜೆ ಕರೆಯುವುದನ್ನು ನೋಡಿದವರು ಬೆಳಿಗ್ಗೆ ಹೇಳದೆ ಕೇಳದೆ ಮತ್ತೆ ಹೋಗಿ ನಿಲ್ಲುತ್ತೇವೆ. ಮಗಳಿಗೆ ಕಾಲೇಜು ಹುಡುಕುವಾಗಲೂ ನಮ್ಮ ಮನೆಯವರು ಈ ಪದ್ಧತಿ ಬಿಡಲಿಲ್ಲ.

ಪಿಯುಸಿ ಆದ ಮೇಲೆ ಅವಳು ಫಿಸಿಷಿಯನ್ ಅಸಿಸ್ಟೆಂಟ್ ಡಿಗ್ರಿ ಓದುತ್ತೇನೆಂದಳು. ಡಾಕ್ಟರ ಜೊತೆಗಿದ್ದು, ರೋಗಿಯ ಕಷ್ಟ ಕೇಳಿ, ಪರೀಕ್ಷೆ ಮಾಡಿ, ಡಾಕ್ಟರಿಗೆ ವಿವರ ಒಪ್ಪಿಸುವ ಕೆಲಸವಂತೆ. ಅವಳಿಗಿದ್ದ ಭಯ ಒಂದೇ.

“ಕೆಲವು ಕಡೆ ಬರೀ ಫೈಲ್ ಹೊರಿಸ್ತಾರಂತೆ ಅಮ್ಮ. ಪೇಶೆಂಟ್ ಹತ್ರ ಬಿಡೋದೇ ಇಲ್ವಂತೆ. ಅಂಥ ಕಡೆ ಸೇರಿಬಿಟ್ರೆ ಓದಿ ಏನ್ ಬಂತು?”

ಕೋಲಾರದ ಹತ್ತಿರದ ಒಂದು ಯೂನಿವರ್ಸಿಟಿಯವರು ಕರೆದ ದಿನ ಹೋದೆವು. ಬಾಗಿಲಿಗೆ ಮಾವಿನ ತೋರಣ, ಕೈಗೊಂದು ಗುಲಾಬಿ, ಉಪ್ಪಿಟ್ಟು, ಕೇಸರಿಬಾತು. ಬಿಳಿ ಕೋಟಿನ ಮಕ್ಕಳು ರಬ್ಬರ್ ಗೊಂಬೆಯನ್ನು ಮಲಗಿಸಿಕೊಂಡು ಪರೀಕ್ಷೆ ಮಾಡಿ ತೋರಿಸಿದರು. ಮಗಳ ಮುಖ ಅರಳಿತ್ತು. ಮನೆಯವರು ಬಸ್ಸಿನಲ್ಲಿ ಕೇಸರಿಬಾತನ್ನಷ್ಟೇ ಹೊಗಳಿದರು. ಊರು ಹತ್ತಿರವಾದಾಗ ಮೆಲ್ಲಗೆ, “ಇದು ಒಂದ್ ಹೊತ್ತಿನ ಹಾಲು ಕಣಮ್ಮ. ಇನ್ನೊಂದ್ ಹೊತ್ತು ಹೇಳ್ದಂಗೆ ಹೋಗಾಣ” ಎಂದರು.

“ಅಪ್ಪ, ಅದು ಕಾಲೇಜು. ಕೊಟ್ಟಿಗೆ ಅಲ್ಲ!”

ಮುಂದಿನ ವಾರ ಆ ಕಾಲೇಜಿನ ಆಸ್ಪತ್ರೆಗೇ ನೇರವಾಗಿ ಹೋದೆವು. ಚೀಟಿ ಇಲ್ಲದವರನ್ನು ಒಳಗೆ ಕೂರಿಸುವುದಿಲ್ಲವೆಂದರು. ಮೊಣಕಾಲು ನೋವೆಂದು ನನ್ನ ಹೆಸರಲ್ಲಿ ಚೀಟಿ ಮಾಡಿಸಿದೆ. ಅದು ಸುಳ್ಳೇನಲ್ಲ, ಕುಕ್ಕರಗಾಲಲ್ಲಿ ಕೂತು ಹಾಲು ಕರೆದೂ ಕರೆದೂ ನೋವು ಇದ್ದೇ ಇತ್ತು. ಜೊತೆಗೆಂದು ಮಗಳನ್ನು ಒಳಗೆ ಬಿಟ್ಟರು, ಮನೆಯವರು ಹೊರಗೆ ಉಳಿದರು.

ನನಗಿಂತ ಮುಂದೆ ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿ. ಅವರನ್ನು ವಿಚಾರಿಸುತ್ತಿದ್ದವಳು ಅದೇ ಡಿಗ್ರಿಯ ಕೊನೆಯ ವರ್ಷದ ಹುಡುಗಿ, ಹುಬ್ಬಳ್ಳಿಯವಳು. ಅವಳು ಕನ್ನಡದಲ್ಲಿ ಏನು ಕೇಳಿದರೂ ಅಜ್ಜಿಯದು ತೆಲುಗಿನಲ್ಲೇ ಉತ್ತರ. ಪಾಪ, ಹುಡುಗಿ ಬೆವರಿಹೋಗಿದ್ದಳು. ನನ್ನ ಮಗಳು ತಡೆಯಲಾರದೆ ಎದ್ದು ಹೋಗಿ, ಎಲ್ಲಿ ನೋವು ಎಂದು ನಮ್ಮ ಕಡೆ ಎಲ್ಲರಿಗೂ ಬರುವ ತೆಲುಗಿನಲ್ಲಿ ಕೇಳಿದಳು.

“ಇಪ್ಪುಡು ಒಚ್ಚಿನಾವಾ ತಲ್ಲೀ!” ಈಗ ಬಂದೆಯಾ ತಾಯಿ ಎಂದು ಅಜ್ಜಿ ಅವಳ ಕೈ ಹಿಡಿದುಕೊಂಡರು.

ಅಜ್ಜಿ ಹೇಳಿದ್ದನ್ನೆಲ್ಲ ಮಗಳು ಕನ್ನಡದಲ್ಲಿ ಹೇಳಿದಳು. ಹುಡುಗಿ ಅಜ್ಜಿಯ ಹೊಟ್ಟೆ ಒತ್ತಿ ನೋಡಿ, ಬಿಪಿ ನೋಡಿ, ಎದ್ದುಹೋಗಿ ಡಾಕ್ಟರಿಗೆ ಒಪ್ಪಿಸಿದಳು. ಅವರು ಪೂರ್ತಿ ಕೇಳಿಸಿಕೊಂಡರು.

“ನೋವು ಊಟಕ್ಕೆ ಮುಂಚೆನಾ, ಆಮೇಲಾ? ಅದನ್ನ ಕೇಳಿಲ್ವಲ್ಲಮ್ಮ. ಹೋಗು, ನೀನೇ ಕೇಳ್ಕೊಂಡು ಬಾ.”

ಹುಡುಗಿ ಓಡಿಬಂದಳು. ಮಗಳು ಅಜ್ಜಿಯ ಪಕ್ಕದಿಂದಲೇ ನನ್ನತ್ತ ತಿರುಗಿ ನಕ್ಕಳು. ಆ ನಗು ನೋಡಿ ನಾನು ನಿರಾಳವಾಗಿ ಕಾಲು ಚಾಚಿ ಕೂತೆ.

ನನ್ನ ಸರದಿ ಬಂದಾಗ ಹುಡುಗಿ ಮನೆಯಲ್ಲಿ ಏನು ಕೆಲಸವೆಂದು ವಿಚಾರಿಸಿ, ಮೊಣಕಾಲು ಮಡಿಸಿ ಬಿಡಿಸಿ ನೋಡಿದಳು. “ನೆಲದ ಮ್ಯಾಲೆ ಕೂತು ಹಾಲು ಹಿಂಡ್ತೀರೇನ್ರಿ ಆಂಟಿ? ಒಂದ್ ಸ್ಟೂಲ್ ಇಟ್ಕೋರಿ.” ಡಾಕ್ಟರೂ ಅದನ್ನೇ ಹೇಳಿ ಮುಲಾಮು ಬರೆದುಕೊಟ್ಟರು.

ಹೊರಗೆ ಮನೆಯವರು ಕಡಲೆಕಾಯಿ ಬಿಡಿಸುತ್ತಾ ನಿಂತಿದ್ದರು. “ಹೆಂಗಮ್ಮ?”

“ಈ ಹೊತ್ತಿನ ಹಾಲೇ ಜಾಸ್ತಿ ಅಪ್ಪ. ಇಲ್ಲೇ ಸೇರ್ತೀನಿ” ಎಂದು ಮಗಳು ಅವರ ಕೈಯಿಂದ ಕಡಲೆಕಾಯಿ ಕಿತ್ತುಕೊಂಡಳು.

ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ಭಾನುವಾರ ಕೊಟ್ಟಿಗೆಗೆ ಬಂದಾಗ ನಾನು ಸ್ಟೂಲ್ ಮರೆತು ಕೂತಿದ್ದರೆ ಮುಗಿಯಿತು. “ಎಷ್ಟು ದಿನದಿಂದ ಇದೆಯಮ್ಮ ನೋವು? ಮೆಟ್ಟಿಲು ಹತ್ತುವಾಗ ಹೆಚ್ಚಾಗುತ್ತಾ?” ಎಂದು ಆಸ್ಪತ್ರೆಯ ದನಿಯಲ್ಲಿ ಶುರು ಮಾಡುತ್ತಾಳೆ. ಹೊಸ ದನಿಗೆ ಹಸು ಕಿವಿ ನಿಮಿರಿಸುತ್ತದೆ. ನಾನು ಹಾಲು ಕರೆಯುತ್ತಲೇ ಒಂದೊಂದಕ್ಕೂ ಉತ್ತರ ಕೊಡುತ್ತೇನೆ.