ಕಿತ್ತಳೆ ಗಂಡಿನ ಸಂತತಿ

ಅಪ್ಪನ ಕಣ್ಣನ್ನು ಊರೆಲ್ಲ ಹೊಗಳುತ್ತಿತ್ತು. ಆ ಕಣ್ಣಿನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ತಿಪಟೂರು ಸೀಮೆಯಲ್ಲಿ ಬಿತ್ತನೆ ತೆಂಗಿನಕಾಯಿ ಆರಿಸುವುದೆಂದರೆ ಹುಡುಗಾಟವಲ್ಲ. ಯಾವ ಮರದ್ದು, ಮರಕ್ಕೆ ವಯಸ್ಸೆಷ್ಟು, ಗೊನೆ ಹೇಗೆ ಕೂತಿದೆ ಎಂದು ನೋಡಿ, ಕಾಯನ್ನು ಕೆಳಕ್ಕೆ ಬೀಳಿಸದೆ ಹಗ್ಗ ಕಟ್ಟಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳಿ ಆರಿಸುತ್ತಾರೆ. ಆಮೇಲೆ ಮರಳಿನ ಪಾತಿಯಲ್ಲಿ ಹೂಳುತ್ತಾರೆ. ಹೊತ್ತಿಗೆ ಸರಿಯಾಗಿ ಮೊಳೆಯದ್ದು, ಮೊಳೆತೂ ಸೊರಗಿದ್ದು ಪಾತಿಯಲ್ಲಿ ಉಳಿಯುವಂತಿಲ್ಲ, ಕಿತ್ತೆಸೆಯಬೇಕು. ಅಪ್ಪ ಇದರಲ್ಲಿ ಎತ್ತಿದ ಕೈ. ಶೆಟ್ಟಿಕೆರೆ ಕಡೆಯವರೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಪಾತಿಯ ಅಂಚಿನಲ್ಲಿ ಒಂದು ಸುತ್ತು ನಡೆದು, "ಇದು, ಇದು, ಅಗೋ ಅದು" ಎಂದು ಕಾಲಿನಲ್ಲೇ ತೋರಿಸುತ್ತಿದ್ದ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪನಿಗೂ ಹೇಳಿ ಅಭ್ಯಾಸವಿರಲಿಲ್ಲ.

ನಾನು ಆರಿಸುತ್ತಿದ್ದದ್ದು ಮೀನು. ಎಂಬತ್ತರ ದಶಕದ ಮೊದಲ ವರ್ಷಗಳವು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಊರಿನವರ ಮಾತು. ಕಾಯಿ ಸುಲಿಯುವವರಿಗೆ ಅಡುಗೆ, ಎರಡು ಹಸುವಿನ ಸಗಣಿ, ನೀರು, ಪಾತ್ರೆ ಎಲ್ಲವನ್ನೂ ಕೂತೇ ಮಾಡುತ್ತಿದ್ದೆನೇನೋ. ಬೆಂಗಳೂರಿನಲ್ಲಿದ್ದ ಸೋದರಮಾವ ಒಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ಆಫ್ರಿಕಾದ ಸರೋವರದ ಮೀನು ತಂದುಕೊಟ್ಟ. ಸಿಕ್ಲಿಡ್ ಅಂತ ಹೆಸರು. ಅವನ ಮನೆಯಲ್ಲಿ ಒಂದೊಂದಾಗಿ ಸಾಯುತ್ತಿದ್ದವಂತೆ. ನಮ್ಮ ಬೋರ್‌ವೆಲ್‌ನದು ಬೇಳೆ ಬೇಯದ ಗಡಸು ನೀರು, ಹಂಡೆಯ ಒಳಗೆಲ್ಲ ಬಿಳೀ ಹಕ್ಕಳೆ ಕಟ್ಟುವ ನೀರು. ಅದೇ ಅವಕ್ಕೆ ಒಗ್ಗಿತು. ಕೊಬ್ಬರಿ ಮನೆಯ ಪಕ್ಕದ ಸಿಮೆಂಟ್ ತೊಟ್ಟಿಗಳಲ್ಲಿ ಕಲ್ಲು, ಒಡೆದ ಮಡಕೆ ಜೋಡಿಸಿ ಬಿಟ್ಟೆ. ನೀರು ತುಂಬಿಕೊಳ್ಳಲು ಬರುವ ಹೆಂಗಸರೆಲ್ಲ, "ಏನಮ್ಮ, ಸಾರಿಗೆ ಯಾವತ್ತು ಹಾಕ್ತೀಯ?" ಎಂದು ರೇಗಿಸುತ್ತಿದ್ದರು. ಮಾಂಸ ಮುಟ್ಟದ ಮನೆ ನಮ್ಮದು.

ಈ ಜಾತಿಯಲ್ಲಿ ಗಂಡು ನೀಲಿ, ಮೈಮೇಲೆ ಕಪ್ಪು ಪಟ್ಟೆ. ಹೆಣ್ಣು ಕಿತ್ತಳೆ. ಕೆಲವು ಹೆಣ್ಣಿಗೆ ಮಸಿ ಚೆಲ್ಲಿದ ಹಾಗೆ ಚುಕ್ಕೆ ಇರುತ್ತದೆ. ಗಂಡು ಕಿತ್ತಳೆಯಾಗುವುದು ಬಲು ಅಪರೂಪ. ಗಂಡು ಹೆಣ್ಣು ಎರಡೂ ಅಪ್ಪಟ ಕಿತ್ತಳೆಯಾಗಿರುವ ಒಂದು ಸಂತತಿ ಮಾಡಬೇಕೆಂಬ ಹಟ ನನಗೆ ಹತ್ತಿತು. ಯಾಕೆ ಎಂದು ಕೇಳಿದರೆ ಹೇಳಲಾರೆ. ನಾನು ಶುರುಮಾಡಿ ನಾನೇ ಮುಗಿಸಬಹುದಾದ ಕೆಲಸ ಆ ಮನೆಯಲ್ಲಿ ಅದೊಂದೇ ಇತ್ತು. ಚುಕ್ಕೆಯಿದ್ದ ಮರಿಗಳನ್ನು ಬೇರೆ ಮಾಡಿ ತೋಟದ ಬಾವಿಗೆ ಬಿಡುತ್ತಿದ್ದೆ, ಚೊಕ್ಕ ಬಣ್ಣದವನ್ನು ಇಟ್ಟುಕೊಳ್ಳುತ್ತಿದ್ದೆ. ಮರಿ ಬೆಳೆದು ಬಣ್ಣ ನಿಲ್ಲುವವರೆಗೆ ಕಾಯಬೇಕು. ವರ್ಷಗಳು ಹಿಡಿದವು. ಕೊನೆಗೊಮ್ಮೆ ತಲೆಯಿಂದ ಬಾಲದವರೆಗೂ ಕಿತ್ತಳೆಯಾದ ಒಂದು ಗಂಡು ಬಂತು. ಆ ದಿನ ತೊಟ್ಟಿಯ ಕಟ್ಟೆ ಬಿಟ್ಟು ಏಳಲಿಲ್ಲ, ಹಾಲು ಉಕ್ಕಿಸಿ ಬೈಸಿಕೊಂಡೆ.

ಎರಡು ಒಳ್ಳೆಯ ಹೆಣ್ಣುಗಳ ಜೊತೆ ಅದನ್ನು ಬಿಟ್ಟೆ. ಈ ಮೀನಿನ ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಮೂರು ವಾರ ಏನನ್ನೂ ತಿನ್ನುವುದಿಲ್ಲ. ಗದ್ದ ಊದಿಕೊಂಡಿರುತ್ತದೆ, ಬೇರೆ ಮೀನುಗಳಿಂದ ದೂರ ಮೂಲೆ ಹಿಡಿದು ನಿಂತಿರುತ್ತದೆ. ಎರಡೂ ಹೆಣ್ಣುಗಳ ಬಾಯಿ ತುಂಬಿತು. ಅಷ್ಟರಲ್ಲಿ ಗಂಡು ತೊಟ್ಟಿಯಿಂದ ಹೊರಕ್ಕೆ ಹಾರಿ ಸತ್ತುಹೋಯಿತು. ಅತ್ತುಬಿಟ್ಟೆ, ಆದರೆ ಎದೆ ಒಡೆದುಕೊಳ್ಳಲಿಲ್ಲ. ಅದರ ಸಂತತಿ ಆ ಎರಡು ಬಾಯಲ್ಲಿತ್ತಲ್ಲ.

ಮರಿ ಹೊರಬರಲು ಇನ್ನೇನು ಕೆಲವೇ ದಿನವಿತ್ತು. ಮಾಯಸಂದ್ರದ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಅಮ್ಮನ ಜೊತೆ ಹೋಗಲೇಬೇಕಾಯಿತು. "ಒಂದು ಚಿಟಿಕೆ ತಿಂಡಿ ಹಾಕು ಸಾಕು, ಇನ್ನೇನೂ ಮುಟ್ಟಬೇಡ" ಎಂದು ಅಪ್ಪನಿಗೆ ಹೇಳಿ ಹೊರಟೆ. ಮುಟ್ಟಬೇಡ ಎಂದು ಎರಡು ಸಲ ಹೇಳಿದೆ.

ಮಾರನೆಯ ದಿನ ಮಧ್ಯಾಹ್ನ ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದ. ನಾನು ಕೇಳುವ ಮೊದಲೇ ಹೆಮ್ಮೆಯಿಂದ ಹೇಳಿದ.

"ನಿನ್ ಮೀನಲ್ಲಿ ಎರಡಕ್ಕೆ ರೋಗ ಬಂದಿತ್ತು ಕಣಮ್ಮ. ಮೂಲೆ ಸೇರ್ಕಂಡಿದ್ವು. ತಿಂಡಿ ಹಾಕುದ್ರೆ ತಿರುಗೂ ನೋಡ್ಲಿಲ್ಲ. ಗದ್ದ ಬೇರೆ ಊದ್ಕಂಡಿತ್ತು. ಮಿಕ್ಕಿದ್ದಕ್ಕೂ ಅಂಟ್ಕಂಡೀತು ಅಂತ ಬೆಳಿಗ್ಗೆ ತೆಗೆದಾಕ್ಬುಟ್ಟೆ."

"ಎಲ್ಲಿಗೆ ಹಾಕ್ದೆ?"

"ಹಿತ್ಲ ತೆಂಗಿನ ಬುಡಕ್ಕೆ. ಒಳ್ಳೆ ಗೊಬ್ರ ಆಯ್ತದೆ."

ಓಡಿದೆ. ಎರಡೂ ಬಿದ್ದಿದ್ದವು, ಇರುವೆ ಮುತ್ತಿತ್ತು. ಒಂದು ಸಾಯುವಾಗ ಬಾಯಿಬಿಟ್ಟಿತ್ತು, ಮರಿಗಳೆಲ್ಲ ಮಣ್ಣಿಗೆ ಅಂಟಿ ಒಣಗಿದ್ದವು. ಇನ್ನೊಂದು ಬಾಯಿ ಮುಚ್ಚಿಕೊಂಡೇ ಸತ್ತಿತ್ತು. ಅದನ್ನೆತ್ತಿಕೊಂಡು ಜಗಲಿಗೆ ಬಂದೆ.

"ಯಾರ್ನ ಕೇಳಿ ತೆಗ್ದೆ? ಮುಟ್ಬ್ಯಾಡ ಅಂದಿರ್ಲಿಲ್ವಾ?"

"ಕೇಳೋದೇನು? ನೀನೂ ಚುಕ್ಕೆ ಇರೋವ್ನ ತೆಗೆದು ಬಾವಿಗೆ ಬುಡ್ತಿರ್ಲಿಲ್ವಾ? ನಿನ್ ಕೆಲ್ಸಾನೇ ನಾನು ಮಾಡ್ದೆ. ಒಂದು ಮೀನಿಗೆ ಹಿಂಗೆ ಬಾಯಿ ಮಾಡ್ತಾರಾ? ಬೀದಿಯವ್ರು ಏನಂದಾರು?"

ಬೀದಿಯವರಂತೆ. ಅಪ್ಪನ ಕೈಯನ್ನು ಹಿಡಿದೆಳೆದು, ತಲೆಯಿಂದ ಪಿನ್ನು ತೆಗೆದು, ಅಂಗೈ ಮೇಲೆಯೇ ಆ ಮೀನಿನ ಬಾಯಿ ಬಿಡಿಸಿದೆ. ಮರಿಗಳು ಬಿದ್ದವು. ಕಣ್ಣು ಮೂಡಿತ್ತು, ಬಾಲ ಮೂಡಿತ್ತು, ಹೊಟ್ಟೆಯಲ್ಲಿ ಇನ್ನೂ ಒಂದಿಷ್ಟು ಹಳದಿ ಉಳಿದಿತ್ತು. ಎಲ್ಲವೂ ತಿಳಿ ಕಿತ್ತಳೆ. ಅದರಲ್ಲಿ ಗಂಡೆಷ್ಟಿತ್ತೋ, ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಂಥ ಗಂಡು ನನ್ನ ತೊಟ್ಟಿಯಲ್ಲಿ ಮತ್ತೆ ಹುಟ್ಟಲೂ ಇಲ್ಲ.

"ಆರ್ಸು. ಇದ್ರಲ್ಲಿ ಬ್ಯಾಡದ್ದು ಯಾವ್ದು, ಈಗ ಆರ್ಸು" ಎಂದು ಕೂಗಿದೆ.

ಅಪ್ಪ ತನ್ನ ಅಂಗೈ ನೋಡಿಕೊಂಡ. ಆದರೂ ಸೋಲಲಿಲ್ಲ. "ಬಾಯಲ್ಲಿ ಮರಿ ಇಟ್ಕಂಡಿರ್ತದೆ ಅಂತ ನಂಗೇನು ಕನಸು ಬಿದ್ದಿತ್ತಾ? ಉಣ್ದೆ ಮೂಲೇಲಿ ಕೂತಿದ್ರೆ ರೋಗ ಅಂತ್ಲೇ ಅಲ್ವಾ ಅನ್ಕಳೋದು?"

ಅಮ್ಮ ಇನ್ನೂ ಬಸ್ಸಿನ ಸೀರೆಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ದನಿ ಏರಿಸದೆ ಹೇಳಿದಳು: "ಊಟ ಬುಟ್ಟು ಮೂಲೇಲಿ ಕೂತೋಳ್ನ ಯಾಕೆ ಏನು ಅಂತ ಈ ಮನೇಲಿ ನೀವು ಯಾವತ್ತು ಕೇಳಿದ್ರಿ, ಮೀನ್ನ ಕೇಳಾಕೆ?"

ಅಷ್ಟು ಹೇಳಿ ಸೀರೆ ಬದಲಿಸಲು ಒಳಗೆ ಹೋದಳು. ನನ್ನ ಕೂಗಾಟಕ್ಕೆ ತಗ್ಗದ ಅಪ್ಪನ ತಲೆ ಆಗ ತಗ್ಗಿತು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಇನ್ನಷ್ಟು ಏರಿತು. ಅಷ್ಟೊಂದು ಮಾತು ಅಮ್ಮನ ಬಾಯಿಂದ ಹೊರಬರಲು ನನ್ನ ಎರಡು ಮೀನು ಸಾಯಬೇಕಾಯಿತಲ್ಲ.