ಬೀಬಿಯ ಹಬ್ಬದ ಪಿಕ್ಚರು

ವಾಮದಪದವಿನ ಬೀಬಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರಿಂದ ಬೀಬಿಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಆಗಿದ್ದರೆ ಅದು ಆ ಇಂಗ್ಲಿಷ್ ಪಿಕ್ಚರಿಗೇ. ಅದನ್ನು ತೆಗೆದವರು ಯಾವ ದೇಶದಲ್ಲಿದ್ದಾರೋ ಏನೋ. ಒಂದು ವೇಳೆ ಅವರು ಬಂಟ್ವಾಳದಿಂದ ಬಸ್ಸು ಹತ್ತಿ ಬಂದು, ಪೇಟೆಯ ಹಿಂದಿನ ಬೀಬಿಯ ಮನೆಯ ಚಾವಡಿಯಲ್ಲಿ ಕುಳಿತು ತಮ್ಮ ಪಿಕ್ಚರನ್ನು ಒಮ್ಮೆ ನೋಡಿದ್ದರೆ, ತಾವು ತೆಗೆದದ್ದು ಇಷ್ಟು ಒಳ್ಳೆಯ ಕಥೆಯೇ ಎಂದು ಅವರಿಗೇ ಆಶ್ಚರ್ಯವಾಗುತ್ತಿತ್ತು.

ಬೀಬಿಯ ತವರು ಬೆಳುವಾಯಿ. ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ಆಮೇಲೆ ಬೀಡಿ ಕಟ್ಟಲು ಕುಳಿತವಳು, ಮದುವೆಯಾಗಿ ವಾಮದಪದವಿಗೆ ಬಂದ ಮೇಲೂ ಕುಳಿತೇ ಇದ್ದಳು. ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಬೀಬಿ ಆ ಬಿಡುವನ್ನು ಸ್ವಲ್ಪವೂ ಹಾಳು ಮಾಡಿದವಳಲ್ಲ. ಅರ್ಧಕ್ಕೆ ನಿಂತ ಕಥೆ ಅವಳಿಗೆ ಆಗುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಗಂಡ ಹೆಂಡತಿ ಜಗಳವಾಡುತ್ತಾ ನಡುದಾರಿಯಲ್ಲಿ ಇಳಿದು ಹೋದರೆ, ಆ ಜಗಳವನ್ನು ಮನೆಗೆ ತಂದು, ಬೀಡಿ ಎಲೆ ಕತ್ತರಿಸುತ್ತಾ ರಾಜಿ ಮಾಡಿಸಿಯೇ ಬಿಡುತ್ತಿದ್ದಳು.

ಅವಳ ಗಂಡ ಹಾಜಬ್ಬ ದುಬೈಯ ಒಂದು ಬಟ್ಟೆ ಅಂಗಡಿಯಲ್ಲಿದ್ದ. ಹಬ್ಬ ಬಂದರೆ ಅಂಗಡಿಗೆ ವ್ಯಾಪಾರ, ವ್ಯಾಪಾರ ಬಂದರೆ ಕೆಲಸದವರಿಗೆ ರಜೆ ಇಲ್ಲ. ಹಾಗಾಗಿ ಅವನು ಊರಿಗೆ ಬರುತ್ತಿದ್ದದ್ದು ಯಾರಿಗೂ ಯಾವ ಹಬ್ಬವೂ ಇಲ್ಲದ ಆಟಿ ತಿಂಗಳ ಮಳೆಯಲ್ಲಿ. ಮಗಳು ಫಾಹಿಮಾಳ ನೆನಪಿನಲ್ಲಿ ಅಪ್ಪ, ಅವಳ ಬಾಯಲ್ಲಿ ಉಪ್ಪ, ಅಂದರೆ ಒದ್ದೆ ಕೊಡೆ. ಪ್ರತಿ ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಮೊದಲು “ಈ ಸಲ ಬರ್ತೇನೆ” ಎಂದು ಫೋನು ಬರುತ್ತಿತ್ತು. ಪೆರ್ನಾಲಿನ ದಿನ ಮಾತ್ರ ಮನೆಯ ಅಕ್ಕಿ, ತುಪ್ಪ, ಹೊಸ ಬಟ್ಟೆ ಎಲ್ಲ ಇದ್ದು ಅವನೊಬ್ಬ ಇರುತ್ತಿರಲಿಲ್ಲ.

ತೊಂಬತ್ತನಾಲ್ಕರ ಪೆರ್ನಾಲಿಗೆ ಅವನ ಬದಲು ಒಂದು ವಿಡಿಯೋ ಟೇಪು ಬಂತು. ಊರಿಗೆ ಬರುತ್ತಿದ್ದ ಗೆಳೆಯ ಮೊಯ್ದೀನನ ಕೈಯಲ್ಲಿ, ಸೆಂಟು ಬಾಟ್ಲಿಗಳ ಮಧ್ಯೆ ಟವೆಲಿನಲ್ಲಿ ಸುತ್ತಿ ಕಳಿಸಿದ್ದ. ಮೇಲೆ ಅವನದೇ ಅಕ್ಷರ: ‘ಹಬ್ಬದ ಪಿಕ್ಚರ್. ಮಕ್ಕಳು ನೋಡುವಂಥದ್ದು.’ ಅಲ್ಲಿನ ಟೀವಿಯಲ್ಲಿ ಬಂದದ್ದನ್ನು ಹಾಗೆಯೇ ಹಿಡಿದು ಕಳಿಸುವುದು ಆಗ ಗಲ್ಫಿನವರ ವಾಡಿಕೆ. ಟೀವಿಯಲ್ಲಿ ಬಂದದ್ದೆಂದರೆ ನಡುನಡುವೆ ಬರುವ ಅರಬ್ಬಿ ಜಾಹೀರಾತುಗಳೂ ಸೇರಿ. ಹಳೆಯ ಟೇಪಿನ ಮೇಲೆ ಹಿಡಿದದ್ದಾದ್ದರಿಂದ ಹಿಡಿಯುವುದು ನಿಂತಲ್ಲಿ ಮೊದಲಿದ್ದ ಏನೋ ಒಂದು ಹಣಕಿ ಹಾಕುತ್ತಿತ್ತು. ಇದೆಲ್ಲ ಬೀಬಿಗೆ ಯಾರೂ ಹೇಳಿರಲಿಲ್ಲ.

ಪೆರ್ನಾಲಿನ ಮಧ್ಯಾಹ್ನ ಊಟವಾದ ಮೇಲೆ ಚಾವಡಿ ತುಂಬಿತು. ಪಕ್ಕದ ಮನೆಯ ನೀಲಾವತಿ ಎಲೆ, ಹೊಗೆಸೊಪ್ಪು ತುಂಬಿದ ಬೀಡಿಯ ಮೊರವನ್ನು, ಅಂದರೆ ತಡ್ಪೆಯನ್ನು, ಹಿಡಿದುಕೊಂಡೇ ಬಂದಳು. ಅವಳ ಗಂಡ ಮಾಯಿಲಪ್ಪ, ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವನು, ಗೋಡೆಗೆ ಒರಗಿದ. ಆರು ವರ್ಷದ ಫಾಹಿಮಾ ಟೀವಿಗೆ ಮೂಗು ತಾಗಿಸಿ ಕುಳಿತಳು. ಬೀಬಿ ಎಲ್ಲರಿಗೂ ಅರ್ಥವಾಗುವ ತುಳುವಿನಲ್ಲಿ ಕಥೆ ಬಿಡಿಸಲು ಶುರು ಮಾಡಿದಳು.

ಮೊದಲು ಕಂಡದ್ದು ಬೆಳ್ಳಗಿನ ಊರು. “ಇಷ್ಟು ಉಪ್ಪು ಎಂಥಕ್ಕೆ ಚೆಲ್ಲಿದ್ದಾರೆ?” ಎಂದ ಮಾಯಿಲಪ್ಪ.

“ಉಪ್ಪಲ್ಲ, ಅದು ಬರ್ಫ. ಅಲ್ಲಿ ಆಕಾಶದ ಫ್ರಿಜ್ಜಿಗೆ ಬಾಗಿಲು ಇಲ್ಲ,” ಎಂದಳು ಬೀಬಿ.

ಒಂದು ಮನೆ, ಒಬ್ಬಳು ಹೆಂಡತಿ, ಒಬ್ಬಳು ಪುಟ್ಟ ಮಗಳು. ಅಪ್ಪ ಚೀಲ ಹಿಡಿದು ಹೊರಟುಹೋದ. ಆಮೇಲೆ ಬಂದ ನೋಡಿ, ಕೆಂಪು ಬಟ್ಟೆ, ಬಿಳಿ ಗಡ್ಡದ ದಪ್ಪಜ್ಜ, ಜೊತೆಗೊಂದು ಕೊಂಬಿನ ಜಿಂಕೆ.

“ಇದು ಪೇಟೆಯ ಇಗರ್ಜಿಯ ಕ್ರಿಸ್ಮಸ್ ಅಜ್ಜ ಅಲ್ವಾ ಬೀಬಿಯಕ್ಕ?” ನೀಲಾವತಿ ಕೇಳಿದಳು.

“ವೇಷ ಅದೇ. ಕೆಲಸ ಬೇರೆ. ಇವ ವೀಸಾದ ಏಜೆಂಟ್. ಮಾತಿಗೊಂದು ನಗು ನಗುವುದು ನೋಡು! ಇವನೇ ಆ ಅಪ್ಪನನ್ನು ಕೆಲಸಕ್ಕೆ ಅಂತ ಕರಕೊಂಡು ಹೋಗಿ ಜಿಂಕೆ ಮಾಡಿ ಇಟ್ಟದ್ದು.”

“ಏಜೆಂಟ್ ಆದರೆ ಬಾಗಿಲಿನಿಂದ ಬರ್ಬಾರ್ದಾ? ಹೊಗೆ ಹೋಗುವ ಗೂಡಿನಿಂದ ಯಾಕೆ ಇಳೀತಾನೆ?”

“ಬಾಗಿಲಿನಿಂದ ಬಂದರೆ ಜನ ಹಿಡಿದು ಕೇಳುವುದಿಲ್ವಾ ಮಾರಾಯ್ತಿ, ಎಲ್ಲಿ ನಮ್ಮ ವೀಸಾ ಅಂತ?”

ಇದು ಎಲ್ಲರಿಗೂ ಸರಿ ಕಂಡಿತು. ಮಾಯಿಲಪ್ಪನಂತೂ ಅಜ್ಜ ಪರದೆಗೆ ಬಂದಾಗಲೆಲ್ಲ ಬೈಯಲು ಶುರು ಮಾಡಿದ. ಅಷ್ಟರಲ್ಲಿ ಪಿಕ್ಚರಿನೊಳಗೆ ಇನ್ನೊಬ್ಬಳು ಹೆಂಗಸು ನುಗ್ಗಿದಳು. ಬಕೆಟಿಗೆ ಪುಡಿ ಹಾಕಿ, ಬಿಳಿ ಬಟ್ಟೆ ಎತ್ತಿ ತೋರಿಸಿ, ಅರಬ್ಬಿಯಲ್ಲಿ ಏನೋ ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಮತ್ತೆ ಒಗೆದಳು. ಸೋಪಿನ ಪುಡಿಯ ಜಾಹೀರಾತು ಕಥೆಯೊಳಗೆ ಬಂದು ಕೂರಬಹುದೆಂದು ಯಾರಿಗೂ ಹೊಳೆಯಲಿಲ್ಲ.

“ಇವಳು ಯಾರು?”

ಬೀಬಿ ಎವೆಯಿಕ್ಕಲಿಲ್ಲ. “ಅಪ್ಪನ ತಂಗಿ. ಆಚೆ ಅರಬ್ಬಿ ಕಡೆಗೆ ಮದುವೆ ಮಾಡಿ ಕೊಟ್ಟದ್ದು, ಹಾಗೆ ಭಾಷೆ ಬೇರೆ. ಅಣ್ಣ ಇಲ್ಲದ ಮನೆ ಅಂತ ಬಂದು ಬಂದು ಬಟ್ಟೆ ಒಗೆದುಕೊಡ್ತಾಳೆ.”

“ಪಾಪ,” ಎಂದಳು ನೀಲಾವತಿ. “ಒಂದು ಲೋಟ ಚಾ ಕೊಡುವವರೂ ಇಲ್ಲ ಅವಳಿಗೆ.”

ಕೊನೆಗೆ ಆ ಮನೆಯಲ್ಲಿ ಹಬ್ಬ. ಹೊರಗೆ ಬರ್ಫ ಸುರಿಯುತ್ತಿದೆ. ಕೊಂಬಿನ ಜಿಂಕೆ ಬಾಗಿಲ ಎದುರು ಬಂದು ನಿಂತಿದೆ, ಅದರ ಕಣ್ಣಲ್ಲಿ ನೀರು. ಒಳಗಿನಿಂದ ಪುಟ್ಟ ಹುಡುಗಿ ಓಡಿ ಬಂದು ಚಿಲಕಕ್ಕೆ ಕೈ ಹಾಕಿದಳು. ಚಾವಡಿಯಲ್ಲಿ ನೀಲಾವತಿಯ ಕೈ ತಡ್ಪೆಯಲ್ಲೇ ನಿಂತಿತು. ಆಗ ಟೀವಿ ಕಪ್ಪಾಯಿತು, ಗರ್ ಅಂದಿತು. ಮತ್ತೆ ಬೆಳಕು ಬಂದಾಗ ಅಲ್ಲಿ ಬಾಗಿಲೂ ಇಲ್ಲ, ಜಿಂಕೆಯೂ ಇಲ್ಲ. ಮರಳುಗಾಡಿನಲ್ಲಿ ಒಂಟೆಗಳ ಓಟ.

ಫಾಹಿಮಾ ತಿರುಗಿ ನೋಡಿದಳು. ಕೆಳತುಟಿ ಆಗಲೇ ಮುಂದೆ ಬಂದಿತ್ತು. “ಉಮ್ಮಾ, ಅಪ್ಪ ಒಳಗೆ ಬಂದನಾ?”

ಹಬ್ಬದ ದಿನ, ಉಪ್ಪ ಬಾರದ ಮನೆಯಲ್ಲಿ, ಮಗು ಕೇಳುವ ಪ್ರಶ್ನೆಯೇ ಇದು! ಗೊತ್ತಿಲ್ಲ ಎನ್ನಲು ಬೀಬಿಗೆ ಬಾಯಿ ಬರಲಿಲ್ಲ.

“ಬರ್ತಾ ಇದ್ದಾನೆ ಮೋಳೆ. ಬಾಗಿಲು ತೆಗೆದ ಕೂಡಲೇ ಜಿಂಕೆ ಮತ್ತೆ ಮನುಷ್ಯ ಆಯಿತು. ಆದರೆ ಎಲ್ಲಿ ಕಳೆದುಹೋಗಿದ್ದನೋ ಅಲ್ಲೇ ಆಗಬೇಕಲ್ಲ, ಹಾಗೆ ಗಲ್ಫಿನಲ್ಲಿ ಆದ. ಈಗ ಒಂಟೆ ಹತ್ತಿ ಮನೆಗೆ ಬರ್ತಾ ಇದ್ದಾನೆ. ನೋಡು, ಎಷ್ಟು ಒಂಟೆ!”

“ಅಪ್ಪನದು ಯಾವ ಒಂಟೆ?”

ಮಾಯಿಲಪ್ಪ ಮುಂದಿನದ್ದನ್ನು ತೋರಿಸಿದ. ನೀಲಾವತಿ ಅಲಂಕಾರ ಜೋರಿದ್ದದ್ದನ್ನು ಆರಿಸಿದಳು. ಫಾಹಿಮಾ ಎಲ್ಲವನ್ನೂ ನೋಡಿ, ಎಲ್ಲಕ್ಕಿಂತ ಹಿಂದೆ, ಕಾಲೆಳೆಯುತ್ತಾ ಬರುತ್ತಿದ್ದ ಒಂದನ್ನು ಬೆರಳಿಟ್ಟು ತೋರಿಸಿದಳು. “ಇದು. ಉಪ್ಪ ಯಾವಾಗಲೂ ತಡ.”

ಎಲ್ಲರೂ ನಕ್ಕರು. ಬೀಬಿಯೂ ನಕ್ಕಳು, ಆಮೇಲೆ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಅಲ್ಲಿಂದ ಪ್ರತಿ ಪೆರ್ನಾಲಿಗೂ ಆ ಪಿಕ್ಚರು. ತುಪ್ಪದನ್ನದಷ್ಟೇ ಖಾಯಂ ಆಯಿತು ಅದು. ಏಜೆಂಟನಿಗೆ ಬೈಗುಳ, ತಂಗಿಗೆ ಕನಿಕರ, ಕೊನೆಯ ಒಂಟೆಗೆ ಚಪ್ಪಾಳೆ. ಒಂಟೆ ಗೆರೆ ಮುಟ್ಟುವ ಮೊದಲೇ ಟೇಪು ಮುಗಿಯುತ್ತಿತ್ತು, ಆದರೂ ಚಪ್ಪಾಳೆ ನಿಲ್ಲುತ್ತಿರಲಿಲ್ಲ. ಹಾಜಬ್ಬನಿಗೆ ಫೋನಿನಲ್ಲಿ “ಪಿಕ್ಚರಿನ ಕೊನೆಯಲ್ಲಿ ಎಂಥ ಆಗ್ತದೆ?” ಎಂದು ಬೀಬಿ ಕೇಳಿದ್ದುಂಟು. “ಹಬ್ಬದ ಪಿಕ್ಚರಿನ ಕೊನೆ ಹಬ್ಬದ ದಿನವೇ ಹೇಳಬೇಕು. ಪೆರ್ನಾಲಿಗೆ ಬಂದು ಹೇಳ್ತೇನೆ,” ಎಂದ ಅವನು. ಒಂದು ಮಳೆಗಾಲ ಬಂದವನನ್ನು ಹಿಡಿದು ಟೀವಿ ಎದುರು ಕೂರಿಸಿದರೆ, ಹೆಸರು ಬರುವಷ್ಟರಲ್ಲೇ ಗೊರಕೆ ಹೊಡೆದ.

ಫಾಹಿಮಾ ಬೆಳೆದಳು. ಹನ್ನೆರಡು ತುಂಬುವಷ್ಟರಲ್ಲಿ ಅವಳ ಚಪ್ಪಾಳೆಯ ಸದ್ದು ಸಣ್ಣದಾಗಿತ್ತು. ಎರಡು ಸಾವಿರದ ಇಸವಿಯಲ್ಲಿ ಪೆರ್ನಾಲ್ ಬಿದ್ದದ್ದು ಡಿಸೆಂಬರ್ ಕೊನೆಗೆ, ಕ್ರಿಸ್ಮಸ್ಸಿನ ಬೆನ್ನಿಗೇ. “ಟಿಕೆಟು ಆಯಿತು, ಈ ಸಲ ಖಂಡಿತ,” ಎಂದು ಹಾಜಬ್ಬನ ಫೋನು ಬಂತು. ಫಾಹಿಮಾ ಫೋನಿಗೆ ಕೈ ಒಡ್ಡಲಿಲ್ಲ. “ಈ ಪೆರ್ನಾಲಿಗೂ ಉಪ್ಪ ಬಾರದಿದ್ದರೆ, ಇನ್ನು ಆ ಒಂಟೆಯ ಕಥೆ ನನ್ನ ಹತ್ತಿರ ಹೇಳಬೇಡ ಉಮ್ಮಾ,” ಎಂದಳು. ಬೀಬಿ ಆ ವಾರವೆಲ್ಲ ಬೀಡಿ ಸಡಿಲ ಕಟ್ಟಿ ಬೈಸಿಕೊಂಡಳು.

ಪೆರ್ನಾಲಿನ ಬೆಳಿಗ್ಗೆ ಬಂತು. ಗಂಡಸರು ನಮಾಜು ಮುಗಿಸಿ ಬಂದರು, ಹಾಜಬ್ಬ ಬರಲಿಲ್ಲ. ಮುಂಬಯಿಯಿಂದ ಬಸ್ಸು ಹತ್ತಿದ್ದಾನೆಂದು ಗೊತ್ತಿತ್ತು. ಬಸ್ಸು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ಪಾಲಿನ ಊಟಕ್ಕೆ ಮುಚ್ಚಳ ಹಾಕಿಟ್ಟಾಯಿತು. ಆಗ ಮಾಯಿಲಪ್ಪ ಓಡಿ ಬಂದ. “ಬೀಬಿಯಕ್ಕ, ಕೇಬಲಿನಲ್ಲಿ ನಿಮ್ಮ ಜಿಂಕೆ ಪಿಕ್ಚರ್ ಬರ್ತಾ ಉಂಟು, ಹಿಂದಿಯಲ್ಲಿ!”

ಮಾಯಿಲಪ್ಪ ಮುಂಬಯಿಯ ಹೋಟೆಲಿನಲ್ಲಿ ದುಡಿದವನು, ಹಿಂದಿ ನೀರು ಕುಡಿದ ಹಾಗೆ. ಫಾಹಿಮಾಳಿಗೆ ಶಾಲೆಯಲ್ಲಿ ಹಿಂದಿ. ಬೀಬಿ ಆರು ವರ್ಷ ಹೇಳಿದ್ದೆಲ್ಲ ಇನ್ನು ಬಯಲಾಗುತ್ತದೆ. ಟೀವಿ ಕೆಟ್ಟಿದೆ ಎನ್ನೋಣವೆಂದರೆ ಫಾಹಿಮಾ ಆಗಲೇ ಸ್ವಿಚ್ ಹಾಕಿದ್ದಳು.

ಹಿಂದಿಯಲ್ಲಿ ಕಥೆ ಬೇರೆಯೇ ಇತ್ತು. ಜಿಂಕೆ ಅಂದರೆ ಬರೀ ಜಿಂಕೆ. ಮಾತಾಡುತ್ತಿತ್ತು, ಹಾರುತ್ತಿತ್ತು, ಅಪ್ಪ ಮಾತ್ರ ಅಲ್ಲ. ಬಟ್ಟೆ ಒಗೆಯುವ ತಂಗಿ ಒಮ್ಮೆಯೂ ಬರಲಿಲ್ಲ. ಕೊನೆಗೆ ಹುಡುಗಿ ಚಿಲಕ ತೆಗೆದಳು. ಬಾಗಿಲಲ್ಲಿ ಜಿಂಕೆ, ಅದರ ಹಿಂದೆ ಕೆಂಪಜ್ಜ. ಅಜ್ಜ ಗಡ್ಡ ಕಿತ್ತು ತೆಗೆದರೆ ಅದೇ ಅಪ್ಪ! ದೊಡ್ಡ ಅಂಗಡಿಯೊಂದರಲ್ಲಿ ಹಬ್ಬದ ವ್ಯಾಪಾರಕ್ಕೆಂದು ಆ ವೇಷ ಹಾಕಿ ನಿಂತಿದ್ದನಂತೆ, ರಜೆ ಸಿಕ್ಕಿರಲಿಲ್ಲವಂತೆ.

“ಅಯ್ಯೋ ಮಾರಾಯ,” ಎಂದ ಮಾಯಿಲಪ್ಪ, ತಲೆ ಮೇಲೆ ಕೈ ಹೊತ್ತು. “ಇಷ್ಟು ವರ್ಷ ನಾನು ಬೈದದ್ದು ಅಪ್ಪನಿಗೇ!”

ನೀಲಾವತಿ ಒಪ್ಪಲಿಲ್ಲ. “ಇದು ಸರಿ ಇಲ್ಲ. ತಂಗಿ ಎಲ್ಲಿ? ಒಂಟೆ ಎಲ್ಲಿ? ಒಳ್ಳೊಳ್ಳೆಯದನ್ನೆಲ್ಲ ಕತ್ತರಿಸಿ ಹಾಕಿದ್ದಾರೆ. ನಿಮ್ಮ ಟೇಪೇ ಒಳ್ಳೆಯದು ಬೀಬಿಯಕ್ಕ.”

ಫಾಹಿಮಾ ಟೀವಿ ಆರಿಸಿದಳು. “ಹಾಗಾದರೆ ನೀನು ಹೇಳಿದ್ದೆಲ್ಲ ಸುಳ್ಳು.”

ಬೀಬಿಗೆ ಜೀವನದಲ್ಲಿ ಮೊದಲ ಸಲ ಕಥೆ ಹುಟ್ಟಲಿಲ್ಲ. “ಸುಳ್ಳೇ ಮೋಳೆ. ನನಗೆ ಎಂಥದೂ ಗೊತ್ತಿರಲಿಲ್ಲ. ಆ ಹುಡುಗಿ ಬಾಗಿಲಲ್ಲಿ ಹಾಗೆಯೇ ನಿಂತಿದ್ದಳಲ್ಲ, ಅವಳನ್ನು ಹಾಗೆ ಬಿಟ್ಟುಬಿಡಲಿಕ್ಕೆ ನನ್ನಿಂದ ಆಗಲಿಲ್ಲ.”

ಫಾಹಿಮಾ ಹೊರಗೆ ಜಗಲಿಯ ತುದಿಗೆ ಹೋಗಿ ಕುಳಿತಳು. ಬೀಬಿ ಒಳಗೆ ಪಾತ್ರೆಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು. ಹಬ್ಬ ಅಲ್ಲಿಗೇ ಮುಗಿದ ಹಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬಂಟ್ವಾಳದ ಕಡೆಯಿಂದ ಒಂದು ಜೀಪು ಏದುಸಿರು ಬಿಡುತ್ತಾ ಬಂತು. ಮೇಲೆ ಹಗ್ಗ ಬಿಗಿದ ಪೆಟ್ಟಿಗೆಗಳು, ಹಿಂದೆ ಎರಡು ದಿನದ ಧೂಳು. ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತು, ನಮಾಜು, ಊಟ ಎಲ್ಲ ತಪ್ಪಿಸಿಕೊಂಡ ಹಾಜಬ್ಬ ಸೊಂಟ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತಾ ಇಳಿದ. ಫಾಹಿಮಾ ಜಗಲಿಯಿಂದ ಎದ್ದು ನಿಂತು ಅವನನ್ನೇ ನೋಡಿದಳು. ಮೊದಲು ನಕ್ಕಳೋ ಮೊದಲು ಅತ್ತಳೋ ಅವಳಿಗೇ ನೆನಪಿಲ್ಲ. ಕೂಗಿದ್ದು ಮಾತ್ರ ಪೇಟೆಯವರೆಗೆ ಕೇಳಿಸಿತು.

“ಉಮ್ಮಾ! ಕೊನೆಯ ಒಂಟೆ ಬಂತು!”

ಬೀಬಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಕೈಕಾಲು ತೊಳೆದು ಊಟಕ್ಕೆ ಕುಳಿತ ಹಾಜಬ್ಬನನ್ನು ಮಾಯಿಲಪ್ಪ ಬಿಡಲಿಲ್ಲ. “ಈಗ ಹೇಳಿ ಹಾಜಬ್ಬರೇ, ಆ ಪಿಕ್ಚರಿನ ಕೊನೆ ನೀವು ನೋಡಿದ್ದು ಹೇಗೆ?”

ಹಾಜಬ್ಬ ತುತ್ತು ನುಂಗಿ, ಕಳ್ಳ ನಗೆ ನಕ್ಕ. “ಕೊನೆ ಬಿಡಿ, ಮೊದಲೂ ನೋಡಿಲ್ಲ. ವಿಡಿಯೋ ಮಿಶನಿಗೆ ಹಿಡಿಯುವ ಟೈಮು ಕೊಟ್ಟು ಅಂಗಡಿಗೆ ಹೋಗಿದ್ದೆ. ಹಬ್ಬದ ವ್ಯಾಪಾರ, ರಜೆ ಎಲ್ಲಿ?”

“ಮತ್ತೆ ಬಂದು ಹೇಳ್ತೇನೆ ಅಂದದ್ದು?” ಬೀಬಿ ಸೌಟು ಎತ್ತಿದಳು.

“ಗೊತ್ತಿಲ್ಲ ಅಂದಿದ್ದರೆ ನೀವು ಫೋನು ಇಟ್ಟುಬಿಡ್ತಿದ್ದಿರಿ.” ಅವನು ತಟ್ಟೆ ನೋಡಿಕೊಂಡು ಮೆಲ್ಲಗೆ ಹೇಳಿದ. “ಎಂಥದು ಕಥೆ ಅದು? ಈಗಾದರೂ ನನಗೆ ಯಾರಾದರೂ ಹೇಳಿ.”

ಮಾಯಿಲಪ್ಪ ಹಿಂದಿಯಲ್ಲಿ ನೋಡಿದ್ದನ್ನು ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಫಾಹಿಮಾ ಉಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಳು.

“ಒಂದು ಊರು ಉಪ್ಪಾ, ಅಲ್ಲಿ ಆಕಾಶದ ಫ್ರಿಜ್ಜಿಗೆ ಬಾಗಿಲು ಇಲ್ಲ. ಅಲ್ಲಿಗೆ ಒಬ್ಬ ವೀಸಾದ ಏಜೆಂಟ್ ಬರ್ತಾನೆ…”

ಒಂದಕ್ಷರ ಬಿಡಲಿಲ್ಲ ಅವಳು. ತಂಗಿ ಬಂದಳು, ಒಗೆದಳು, ಹೋದಳು, ಮತ್ತೆ ಬಂದಳು. ಬೀಬಿ ಬಡಿಸುವುದನ್ನು ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ತನ್ನ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಕೊನೆಗೆ ಪುಟ್ಟ ಹುಡುಗಿ ಚಿಲಕಕ್ಕೆ ಕೈ ಹಾಕಿದಲ್ಲಿಗೆ ಕಥೆ ಬಂತು. ಫಾಹಿಮಾ ನಿಲ್ಲಿಸಿದಳು.

“ಮತ್ತೆ?” ಹಾಜಬ್ಬನ ತುತ್ತು ಕೈಯಲ್ಲೇ ಉಳಿದಿತ್ತು.

“ಮತ್ತೆ ಎಂಥ? ಒಂಟೆ ಹತ್ತಿ ಬಂದ. ಎಲ್ಲರಿಗಿಂತ ತಡವಾಗಿ ಬಂದ.” ಫಾಹಿಮಾ ಉಮ್ಮನ ಕಡೆಗೊಮ್ಮೆ ನೋಡಿ, ಅನ್ನದ ಪಾತ್ರೆಯನ್ನು ಉಪ್ಪನ ಹತ್ತಿರಕ್ಕೆ ಸರಿಸಿದಳು. “ಅವನ ಪಾಲಿನ ಊಟ ಮುಚ್ಚಿಟ್ಟಿದ್ದರು.”