ಅಮ್ಮನ ಬೆನ್ನು, ಕಾರಿನ ಬುಷ್ಷು

ಬೆನ್ನಿನ ಆಪರೇಷನ್ ಆಗಿದ್ದ ಅಮ್ಮನನ್ನು ಸೋಮವಾರ ಮನೆಗೆ ಕರೆದುಕೊಂಡು ಹೋಗಬಹುದು ಎಂದರು ಜಯನಗರದ ಡಾಕ್ಟರು. ಆಂಬುಲೆನ್ಸ್ ಹೇಳಲಾ ಎಂದು ಕೇಳಿದೆ. ಮಲಗಿದ್ದಲ್ಲಿಂದಲೇ ಅಮ್ಮ ಸಿಡುಕಿದಳು. "ಆ ಗಾಡೀಲಿ ಬಂದ್ರೆ ಬೀದಿಯೋರೆಲ್ಲ ನಾನು ಹೋದೆ ಅಂದ್ಕೋತಾರೆ. ನಮ್ಮ ಕಾರಲ್ಲೇ ಬರ್ತೀನಿ."

ನಮ್ಮ ಕಾರು ಎಂದರೆ ಅಪ್ಪ ಬಿಟ್ಟುಹೋದ ಹಳೇ ಕಾರು. ಸಣ್ಣ ಗುಂಡಿಗೆ ಇಳಿದರೂ ಮುಂದಿನ ಗಾಲಿಗಳ ಹತ್ತಿರ ಕಟಕಟ ಎನ್ನುತ್ತಿತ್ತು. ಗಾಲಿ ಹಿಡಿದ ತೋಳುಗಳ ಬುಡದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ರಬ್ಬರಿನ ಬುಷ್ಷುಗಳಿರುತ್ತವೆ. ಅವು ಸವೆದುಹೋಗಿದ್ದವು. ನಮ್ಮ ಮನೆಯಿದ್ದ ಇಟ್ಟಮಡುವಿನ ಎಪ್ಪತ್ತರ ದಶಕದ ಕೊನೆಯ ರಸ್ತೆ ಕಂಡವರಿಗೆ ನನ್ನ ಹೆದರಿಕೆ ಅರ್ಥವಾದೀತು. ಅಮ್ಮನ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

ಭಾನುವಾರ ಗೇಟಿನ ಮುಂದೆ ಕಾರನ್ನು ಜಾಕ್ ಹಾಕಿ ಎತ್ತಿದೆ. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿ, ಬೈದು, ಸುತ್ತಿಗೆಯಲ್ಲಿ ಬಡಿದು, ಅಂತೂ ಹಳೇ ಬುಷ್ಷು ಕಿತ್ತೆ. ಒಡೆದ ಹಿಮ್ಮಡಿಯ ಹಾಗಿದ್ದವು. ಸೋಪಿನ ನೀರು ಸವರಿ ಹೊಸವನ್ನು ಕೂರಿಸಿ, ನಟ್ಟುಗಳನ್ನು ಬಲವಾಗಿ ಬಿಗಿದು ಕಾರನ್ನು ಕೆಳಗಿಳಿಸಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಮೂತಿ ಎತ್ಕೊಂಡು ನಿಂತಿದೆಯಲ್ರೀ" ಎಂದಳು.

ಪಿತ್ತ ನೆತ್ತಿಗೇರಿತು. "ನಿಂಗೇನ್ ಗೊತ್ತು, ಹೋಗು" ಎಂದೆ. ನೋಡಿದರೆ ಅವಳು ಹೇಳಿದ್ದೇ ನಿಜ. ಗಾಲಿ ನೇತಾಡುವಾಗ ಬಿಗಿದಿದ್ದೆ, ಇಳಿಸಿದ ಮೇಲೆ ರಬ್ಬರು ತಿರುಚಿಕೊಂಡು ಕಾರಿನ ಮುಂಭಾಗವನ್ನು ಎತ್ತಿ ಹಿಡಿದಿತ್ತು. ಹಾಗೇ ಓಡಿಸಿದರೆ ಗಾಡಿ ಕುಪ್ಪಳಿಸುತ್ತದೆ, ಬುಷ್ಷೂ ಬೇಗ ಹರಿಯುತ್ತದೆ. ನಟ್ಟು ಸಡಿಲಿಸಿ, ಕಾರಿನಲ್ಲಿ ಜನ ಕೂತು ಭಾರ ಬಿದ್ದಿರುವಾಗ ಮತ್ತೆ ಬಿಗಿಯಬೇಕು. ಹೆಂಡತಿ ಮುನಿಸಿನಲ್ಲೇ ಮುಂದೆ ಒಂದು ಕಡೆ ಕೂತಳು. ಇನ್ನೊಂದು ಕಡೆಗೆ ಪಕ್ಕದ ಮನೆ ಆಂಟಿಯನ್ನು ಕರೆದೆ. ಅವರು ಸೀರೆ ಬದಲಾಯಿಸಿಕೊಂಡೇ ಬಂದರು.

"ಎಲ್ಲಿಗೆ ಹೋಗ್ತಿದೀವಪ್ಪ?"

"ಎಲ್ಲಿಗೂ ಇಲ್ಲ ಆಂಟಿ, ಸುಮ್ನೆ ಕೂತಿರಿ" ಎಂದು ಕಾರಿನ ಕೆಳಗೆ ತೂರಿದೆ.

ಸೋಮವಾರ ಅಮ್ಮ ಹಿಂದಿನ ಸೀಟಿನಲ್ಲಿ, ನನ್ನ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಇಟ್ಟಮಡು ಕಡೆ ತಿರುಗಿದ ಕೂಡಲೇ ಗುಂಡಿಗಳು ಶುರುವಾದವು. ಕಟಕಟ ಇಲ್ಲ. ಆದರೆ ಅಮ್ಮನ ಸದ್ದೂ ಇಲ್ಲ.

"ಅಮ್ಮಾ?" ಎಂದೆ.

"ಶ್! ಅತ್ತೆಗೆ ನಿದ್ದೆ ಬಂದಿದೆ" ಎಂದಳು ಹೆಂಡತಿ.

ನೋವಿಗೆ ವಾರಗಟ್ಟಲೆ ಕಣ್ಣು ಮುಚ್ಚದವಳು ನನ್ನ ಕಾರಿನಲ್ಲಿ, ಆ ಹಾಳು ರಸ್ತೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಹೋದ ಜೀವ ಬಂದಂತಾಯಿತು. ಕಣ್ಣು ಮಂಜಾಗಿ ಇನ್ನೊಂದು ಗುಂಡಿಗೂ ಇಳಿಸಿದೆ, ಅವಳು ಏಳಲಿಲ್ಲ.

ಗೇಟಿನ ಹತ್ತಿರ ಆಂಟಿ ಕಾಯುತ್ತಿದ್ದರು. ಕಿಟಕಿಯಲ್ಲಿ ಇಣುಕಿ, ಮುಚ್ಚಿದ ಕಣ್ಣು ನೋಡಿ, "ಅಯ್ಯೋ ದೇವ್ರೇ!" ಎಂದು ಕಿರುಚಿದರು. ಬೀದಿಯ ಬಾಗಿಲುಗಳೆಲ್ಲ ತೆರೆದವು.

ಅಮ್ಮ ಒಂದು ಕಣ್ಣು ಬಿಟ್ಟಳು. "ಇನ್ನೂ ಇದೀನಿ ಕಣಮ್ಮ. ಮೊದ್ಲು ಹೋಗಿ ಕಾಫಿಗೆ ನೀರಿಡು."